ಚಳಿಗಾಲಕ್ಕೆ ಬೋಳಾಗುವ ಮರವೇ ಹೂದೋಟಕ್ಕೆ ಮೇಲು

ಶ್ಯಾವಂತಿಗೆಯನ್ನು ಮೆಚ್ಚಿಸುವುದು ಕಷ್ಟ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಹೂ ಬಿಡುವಾಗ ಅದಕ್ಕೆ ಮೈತುಂಬ ಬಿಸಿಲು ಬೇಕು. ಹೂ ಮುಗಿದು, ಬುಡದಲ್ಲಿ ಹಿಳ್ಳು ಒಡೆದು, ಯುಗಾದಿ ದಾಟಿತೆಂದರೆ ಅದೇ ಬಿಸಿಲಿಗೆ ಸೀದುಹೋಗುತ್ತದೆ. ಗುಲಾಬಿಯದೂ ಹೆಚ್ಚುಕಡಿಮೆ ಇದೇ ಕಥೆ. ಅಬ್ಬಲಿಗೆಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದಿಷ್ಟು ನೆರಳು ಸಿಕ್ಕರೆ ಜೀವ ಹಿಡಿದುಕೊಳ್ಳುತ್ತದೆ, ಇಲ್ಲದಿದ್ದರೆ ಎಲೆ ಮುದುಡಿ ಕೂರುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹಿತ್ತಲಿನಲ್ಲೋ ಮನೆಮುಂದೋ ಇಂಥ ಬಹುವಾರ್ಷಿಕ ಹೂಗಿಡಗಳನ್ನು ಸಾಕಿಕೊಂಡವರು, ಅವುಗಳ ನಡುವೆ ಒಂದು ಸಣ್ಣ ಚಂದದ ಮರವೂ ಇರಲಿ ಎಂದು ಹೊರಟಾಗ ಮೊದಲು ವಿಚಾರಿಸಬೇಕಾದದ್ದು ಒಂದೇ. ಆ ಮರ ಯಾವ ತಿಂಗಳಲ್ಲಿ ಎಲೆ ಉದುರಿಸುತ್ತದೆ, ಯಾವ ತಿಂಗಳಲ್ಲಿ ಚಿಗುರುತ್ತದೆ?

ನರ್ಸರಿಯಲ್ಲಿ ಈ ಪ್ರಶ್ನೆ ಕೇಳುವವರು ಕಡಿಮೆ. ಕೇಳುವುದು ಎರಡೇ ಮಾತು: "ಹೂ ಯಾವ ಕಲರ್ ರೀ?", "ಲಗೂ ಬೆಳೀತದೇನ್ರಿ?" ಮೊದಲನೆಯದರಿಂದ ಯಾರಿಗೂ ಕೇಡಿಲ್ಲ. ಎರಡನೆಯದರಿಂದ ಕಾಂಪೌಂಡ್ ಗೋಡೆಗೂ ಕೇಡು, ನೀರಿನ ಪೈಪಿಗೂ ಕೇಡು, ಬುಡದಲ್ಲಿರುವ ಹೂಗಿಡಗಳಿಗಂತೂ ಸರ್ವನಾಶ. ಲಗೂ ಬೆಳೆಯುವ ಮರ ನೀರನ್ನೂ ಗೊಬ್ಬರವನ್ನೂ ಲಗೂನೇ ಎಳೆದುಕೊಳ್ಳುತ್ತದೆ. ಕೊಡದ ನೀರು ಮರದ ಪಾಲಾಗುತ್ತದೆ, ಅಬ್ಬಲಿಗೆ ಬಾಯಿ ಬಿಟ್ಟುಕೊಂಡು ನಿಂತಿರುತ್ತದೆ.

ಈ ಸೀಮೆಯ ಹವೆಯನ್ನು ಒಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳೋಣ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್ ಸುತ್ತಮುತ್ತ. ಏಪ್ರಿಲ್-ಮೇದಲ್ಲಿ ಪಾರಾ 40 ದಾಟುವುದು ಹೊಸದೇನಲ್ಲ. ಜಮಖಂಡಿ ಇರುವುದು ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಮೊದಲ ವಾರದ ಸುಮಾರಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೇ ನಿಂತಿರುತ್ತಾನೆ, ಮರದ ನೆರಳು ಮರದ ಬುಡದಲ್ಲೇ ಬಿದ್ದಿರುತ್ತದೆ. ಆಗ ಹೂಗಿಡಗಳನ್ನು ಕೊಲ್ಲುವುದು ಎರಡರಿಂದ ಐದು ಗಂಟೆಯ ಪಡುವಣ ಬಿಸಿಲು. ಡಿಸೆಂಬರಿನಲ್ಲಿ ಲೆಕ್ಕ ಬೇರೆ. ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನಡುಹಗಲಲ್ಲೇ 15 ಅಡಿ ಮರದ ನೆರಳು 12-13 ಅಡಿ ಉತ್ತರಕ್ಕೆ ಚಾಚುತ್ತದೆ. ಬೇಸಿಗೆಯ ಕಾಪಿಗೆಂದು ಮರವನ್ನು ಹೂಮಡಿಯ ಪಶ್ಚಿಮಕ್ಕೋ ನೈರುತ್ಯಕ್ಕೋ ಹಚ್ಚಿದರೆ ಚಳಿಗಾಲದಲ್ಲಿ ಅದೇ ಮರ ಶ್ಯಾವಂತಿಗೆಯ ಬಿಸಿಲು ಕದಿಯುತ್ತದೆ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ಒಂದೇ: ಚಳಿಗಾಲದಲ್ಲಿ ಎಲೆ ಇಲ್ಲದ ಮರ. (ನೈರುತ್ಯದಲ್ಲಿ ಎತ್ತರ ಇರಲಿ ಎಂದು ವಾಸ್ತು ಹೇಳುವವರೂ ಹೇಳುತ್ತಾರೆ. ಹೀಗಾಗಿ ಮನೆಯಲ್ಲಿ ಜಗಳವೂ ಇಲ್ಲ.)

ಇನ್ನು ನೆಲ. ಕೃಷ್ಣಾ-ಘಟಪ್ರಭಾ ನಡುವಿನ ಎರಿ ಮಣ್ಣು ಕಬ್ಬಿಗೆ ತಾಯಿ, ಕಟ್ಟಡಕ್ಕೆ ಮಲತಾಯಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟ ಹೊಲವನ್ನು ನೋಡದ ಮಕ್ಕಳು ಇಲ್ಲಿಲ್ಲ. ಗೋಡೆಗೆ ಹತ್ತಿರದ ಮರ ಬೇಸಿಗೆಯಲ್ಲಿ ಪಾಯದ ಕೆಳಗಿನ ತೇವವನ್ನು ಹೀರಿದರೆ ಅಲ್ಲಿನ ಎರಿ ಇನ್ನಷ್ಟು ಕುಗ್ಗುತ್ತದೆ, ಪಾಯದ ಆ ಮೂಲೆ ಕುಸಿಯುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಹೊರಡುತ್ತದೆ. ಬೇರು ಗೋಡೆಯನ್ನು ಒಡೆಯಿತು ಎಂದು ಜನ ಬೈಯುತ್ತಾರೆ. ಎಷ್ಟೋ ಸಲ ಬೇರು ಗೋಡೆಯನ್ನು ಮುಟ್ಟಿಯೇ ಇರುವುದಿಲ್ಲ, ನೀರು ಕುಡಿದಿರುತ್ತದೆ ಅಷ್ಟೆ. ಇಂಥ ಉಬ್ಬು-ಕುಗ್ಗು ಮಣ್ಣಿನಲ್ಲಿ ಮರ ಪೂರ್ತಿ ಬೆಳೆದಾಗ ಎಷ್ಟು ಎತ್ತರವೋ ಅಷ್ಟು ದೂರ ಗೋಡೆಯಿಂದ ಬಿಡುವುದು ಸುರಕ್ಷಿತ. 30×40 ಸೈಟಿನಲ್ಲಿ 40 ಅಡಿಯ ಗುಲ್‌ಮೊಹರ್ ಹಚ್ಚಿದವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಅದರ ಬೇರು ಮೇಲ್ಮೈಯಲ್ಲೇ ಹರಿದಾಡುತ್ತದೆ, ಬುಡದಲ್ಲಿ ಹುಲ್ಲು ಕೂಡ ಏಳಗೊಡುವುದಿಲ್ಲ. ಮೇ ತಿಂಗಳ ಅಡ್ಡಮಳೆ-ಗಾಳಿಗೆ ಟೊಂಗೆ ಮುರಿದು ಬೀಳುವುದೂ ಅದೇ. ರಸ್ತೆ ಬದಿಗೆ, ಶಾಲೆಯ ಮೈದಾನಕ್ಕೆ ಅದು ಚಂದ. ಹೂದೋಟಕ್ಕಲ್ಲ.

ಎರಿಯಲ್ಲಿ ಇನ್ನೊಂದು ಕಾಟ ಸುಣ್ಣದ್ದು. ಮುಧೋಳ-ಲೋಕಾಪುರ ಸೀಮೆಯಲ್ಲಿ ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ಇರುವುದು ಸುಮ್ಮನೆ ಅಲ್ಲ. ಮಣ್ಣಿನಲ್ಲಿ ಸುಣ್ಣ ಹೆಚ್ಚಾದಾಗ ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಇದೇ ಕಾಯಿಲೆ. ಬೆಂಗಳೂರಿನ ಕೆಂಪುಮಣ್ಣಿನಲ್ಲಿ ನಲಿಯುವ ಕ್ರೇಪ್ ಮರ್ಟಲ್ ಇಲ್ಲಿ ಹಳದಿ ತಿರುಗಿ ಸೊರಗುವುದು ಇದರಿಂದಲೇ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಎಲೆಗೆ ಸಿಂಪಡಿಸಿದರೆ ತಾತ್ಕಾಲಿಕವಾಗಿ ಹಸಿರು ಮರಳುತ್ತದೆ. ಆದರೆ ಜೀವಮಾನವಿಡೀ ಔಷಧಿ ಕುಡಿಸಬೇಕಾದ ಮರವನ್ನು ಬೇಕೆಂದೇ ಮನೆಗೆ ತರುವುದೇಕೆ?

ಮೂರನೆಯದು ಸವಳು. ಘಟಪ್ರಭಾ ಕಾಲುವೆ ಬಂದು ಕಬ್ಬು ಬಂದ ಮೇಲೆ, ನೀರು ಬಸಿಯದ ತಗ್ಗು ಹೊಲಗಳಲ್ಲಿ ಸವಳು-ಜವಳಿನ ಸಮಸ್ಯೆ ಎದ್ದಿದ್ದನ್ನು ಮುಧೋಳ, ಜಮಖಂಡಿ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಿತ್ತಲಿನಲ್ಲೂ ಬೇಸಿಗೆಗೆ ಮಣ್ಣಿನ ಮೇಲೆ ಉಪ್ಪಿನಂಥ ಬಿಳಿ ಪುಡಿ ಏಳುತ್ತಿದ್ದರೆ, ಎಲೆಯ ಅಂಚು ಸುಟ್ಟಂತಾದರೆ, ಅದು ಸವಳು. ಬೋರಿನ ನೀರು ಗಡಸಾಗಿದ್ದರಂತೂ ಕೇಳುವುದೇ ಬೇಡ. ಇತ್ತೀಚೆಗೆ ಮನೆಮನೆಗೂ ಆರ್‌ಒ ಯಂತ್ರ ಬಂದಿದೆ. ಅದರಿಂದ ಹೊರಬರುವ ನೀರನ್ನು ಪೋಲು ಮಾಡಬಾರದೆಂದು ಗಿಡಕ್ಕೆ ಸುರಿಯುತ್ತಾರೆ. ಭಾವನೆ ಒಳ್ಳೆಯದು. ಆದರೆ ನಿಮ್ಮ ಹೊಟ್ಟೆಗೆ ಬೇಡವೆಂದು ಯಂತ್ರ ತೆಗೆದ ಉಪ್ಪೆಲ್ಲ ಆ ನೀರಿನಲ್ಲಿದೆ. ಅದು ಬಚ್ಚಲು ತೊಳೆಯಲು ಇರಲಿ, ಗಿಡಕ್ಕೆ ಬೇಡ. ಅನುಮಾನವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಬಹುದು.

ಇಷ್ಟೆಲ್ಲ ಷರತ್ತು ಹಾಕಿದ ಮೇಲೆ ಉಳಿಯುವುದು ಯಾವುದು? ನನ್ನ ಮತ ದೇವಕಣಗಿಲೆಗೆ.

ಗುಡಿಯ ಅಂಗಳದಲ್ಲೇ ಹುಟ್ಟಿತೇನೋ ಎನ್ನುವಷ್ಟು ನಮ್ಮದಾಗಿರುವ ಈ ಮರದ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು. ಅದರ ಸಸ್ಯಶಾಸ್ತ್ರೀಯ ಹೆಸರಾದ ಪ್ಲೂಮೇರಿಯಾ, ಷಾರ್ಲ್ ಪ್ಲೂಮಿಯೆ (1646-1704) ಎಂಬ ಫ್ರಾನ್ಸಿನ ಸನ್ಯಾಸಿ-ಸಸ್ಯಶಾಸ್ತ್ರಜ್ಞನ ನೆನಪಿಗೆ ಬಂದದ್ದು. ಈಗ ಅದು ಮಠದಲ್ಲಿದೆ, ದರ್ಗಾದಲ್ಲಿದೆ, ಸ್ಮಶಾನದಲ್ಲೂ ಇದೆ. ಈ ಕೊನೆಯ ಕಾರಣಕ್ಕೇ ಕೆಲವರು ಮನೆಮುಂದೆ ಬೇಡ ಎನ್ನುತ್ತಾರೆ. ಮನಸ್ಸಿಗೆ ಬಾರದ ಮರವನ್ನು ಬಲವಂತದಿಂದ ಹಚ್ಚಬೇಕೆಂದು ನಾನು ವಾದಿಸುವುದಿಲ್ಲ. ಆದರೆ ಮಠದ ಅಂಗಳದಲ್ಲಿ ನೆರಳಿಗೆ ಕೂತು ಮೆಚ್ಚಿಕೊಂಡದ್ದನ್ನು ಮನೆಯಲ್ಲಿ ಅಪಶಕುನ ಎನ್ನುವುದಕ್ಕೆ ನನ್ನಲ್ಲಿ ಉತ್ತರವೂ ಇಲ್ಲ.

ಅದನ್ನು ಹತ್ತಿರದಿಂದ ನೋಡಿದರೆ ಅದರ ಗುಟ್ಟು ತಿಳಿಯುತ್ತದೆ. ಟೊಂಗೆಗಳು ಹೆಬ್ಬೆರಳಿಗಿಂತ ದಪ್ಪ, ತುದಿಯವರೆಗೂ ಮೊಂಡು, ಒತ್ತಿದರೆ ಮೆತ್ತಗೆ. ಅದು ನೀರು ತುಂಬಿಟ್ಟುಕೊಳ್ಳುವ ಜಾಗ. ಎಲೆ ಉದುರಿದಲ್ಲೆಲ್ಲ ಒಂದೊಂದು ಗುರುತು ಉಳಿದು ಟೊಂಗೆಯ ಮೈಯೆಲ್ಲ ಮಚ್ಚೆ. ಎಲೆ ಇರುವುದು ತುದಿಯಲ್ಲಿ ಮಾತ್ರ, ಛತ್ರಿಯ ಹಾಗೆ ಸುತ್ತಲೂ ಹರಡಿಕೊಂಡು. ಹೀಗಾಗಿ ಅದರ ನೆರಳು ದಟ್ಟವಲ್ಲ, ಚುಕ್ಕೆಚುಕ್ಕೆ. ಅಬ್ಬಲಿಗೆ ಕೇಳುವ ನೆರಳು ಇದೇ. ಡಿಸೆಂಬರ್ ಹೊತ್ತಿಗೆ ಎಲೆ ಉದುರಿಸಿ ಬೋಳಾಗುತ್ತದೆ, ಯುಗಾದಿ ಸುಮಾರಿಗೆ ಹೂವಿನ ಗೊಂಚಲೂ ಚಿಗುರೂ ಒಟ್ಟಿಗೆ ಹೊರಡುತ್ತವೆ, ಮೇ ಬರುವಷ್ಟರಲ್ಲಿ ಛತ್ರಿ ಬಿಚ್ಚಿರುತ್ತದೆ. ಶ್ಯಾವಂತಿಗೆಯ ಪಂಚಾಂಗಕ್ಕೂ ಇದರ ಪಂಚಾಂಗಕ್ಕೂ ಇದಕ್ಕಿಂತ ಒಳ್ಳೆಯ ಕೂಟ ಸಿಗುವುದಿಲ್ಲ. ಎತ್ತರ 15ರಿಂದ 20 ಅಡಿ, ಸುಣ್ಣದ ಮಣ್ಣಿಗೆ ತಕರಾರಿಲ್ಲ, ಬೇರು ಕೆಳಗಿನ ಗಿಡಗಳ ಜೊತೆ ಕುಸ್ತಿ ಆಡುವುದಿಲ್ಲ.

ಆದರೆ ನರ್ಸರಿಯಲ್ಲಿ ದೇವಕಣಗಿಲೆ ಎಂದು ಮಾರುವುದೆಲ್ಲ ಒಂದೇ ಅಲ್ಲ. ಎಲೆಯ ತುದಿ ನೋಡಿ. ಚೂಪಾಗಿದ್ದರೆ ಅದು ಚಳಿಗಾಲದಲ್ಲಿ ಎಲೆ ಉದುರಿಸುವ ಜಾತಿ, ಪ್ಲೂಮೇರಿಯಾ ರೂಬ್ರಾ. ಕೆಂಪು, ಗುಲಾಬಿ, ಹಳದಿ, ಹಳದಿ ಗಂಟಲಿನ ಬಿಳಿ ಎಲ್ಲವೂ ಇದರಲ್ಲೇ ಇವೆ. ತುದಿ ದುಂಡಗೆ ಮೊಂಡಾಗಿದ್ದು ಎಲೆ ಕಡುಹಸಿರಾಗಿ ಹೊಳೆಯುತ್ತಿದ್ದರೆ ಅದು ಒಬ್ಟೂಸಾ, ಹೆಚ್ಚುಕಡಿಮೆ ವರ್ಷಪೂರ್ತಿ ಹಸಿರು. ಸೌಟಿನ ಆಕಾರದ ಉದ್ದನೆಯ ಎಲೆ, ಹಾಲಿನಂಥ ಬಿಳಿ ಹೂ ಇದ್ದರೆ ಪುಡಿಕಾ, ಅದು ಪೊದೆಯಾಗಿ ಏಳುವಂಥದ್ದು, ಬೇಲಿ ಬದಿಗೆ ಸರಿ. ಹೂಮಡಿಯ ಪಕ್ಕಕ್ಕೆ ಬೇಕಾದದ್ದು ಚೂಪು ತುದಿಯದು. ಹೊಳಪಿಗೆ ಮರುಳಾಗಿ ಮೊಂಡು ತುದಿಯದನ್ನು ತಂದರೆ ಚಳಿಗಾಲದ ಬಿಸಿಲು ಹೋಯಿತು ಎಂದೇ ಲೆಕ್ಕ.

ಅದರ ದೋಷಗಳನ್ನೂ ಹೇಳಿಬಿಡುತ್ತೇನೆ. ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ, ಎರಿಯಲ್ಲಿ ಇದೇ ದೊಡ್ಡ ಗಂಡಾಂತರ. ಟೊಂಗೆ ಮೆತ್ತಗಿರುವುದರಿಂದ ಮಕ್ಕಳು ಜೋತುಬಿದ್ದರೆ ಮುರಿಯುತ್ತದೆ. ಹಾಲು ಕಣ್ಣಿಗೆ, ಚರ್ಮಕ್ಕೆ ಉರಿ. ಮಳೆಗಾಲದ ಕೊನೆಗೆ ಎಲೆಯ ಹಿಂಬದಿ ಕಿತ್ತಳೆ ಬಣ್ಣದ ತುಕ್ಕುರೋಗದ ಪುಡಿ ಕಾಣಿಸಿಕೊಳ್ಳುವುದುಂಟು, ಆ ಎಲೆಗಳನ್ನು ಆರಿಸಿ ಸುಟ್ಟರೆ ಸಾಕು. ಬೋಳಾದ ತಿಂಗಳುಗಳಲ್ಲಿ ಅದನ್ನು ನೋಡಲು ಚಂದವಿಲ್ಲ ಎನ್ನುವವರಿದ್ದಾರೆ. ಕೆಳಗೆ ಶ್ಯಾವಂತಿಗೆ ಅರಳಿರುವಾಗ ಮೇಲೆ ಯಾರು ನೋಡುತ್ತಾರೆ?

ಪಾರಿಜಾತದ ಅಭಿಮಾನಿಗಳು ಈಗ ಸಿಟ್ಟಾಗಿರಬಹುದು. ಪಾರಿಜಾತ ಅಪ್ಪಟ ನಮ್ಮ ನಾಡಿನದು, ಗಟ್ಟಿ ಜೀವ, 12-15 ಅಡಿಗೆ ನಿಲ್ಲುತ್ತದೆ, ಎರಿಯ ಅಂಚಿನ ಮಸಾರಿಯಲ್ಲಿ ಚೆನ್ನಾಗಿ ಬರುತ್ತದೆ. ಶ್ರಾವಣದಿಂದ ಕಾರ್ತಿಕದವರೆಗೆ ಸಂಜೆ ಅರಳಿ ಬೆಳಗಿಗೆ ಉದುರುವ ಹೂವಿನ ಸಿರಿ ಬೇರೆ ಯಾವ ಮರಕ್ಕೂ ಇಲ್ಲ. ನೆಲಕ್ಕೆ ಬಿದ್ದ ಹೂ ದೇವರಿಗೆ ಸಲ್ಲದು ಎಂಬ ನಿಯಮದಿಂದ ಇದಕ್ಕೆ ವಿನಾಯಿತಿಯೂ ಇದೆ. ತೊಂದರೆ ಅದರ ಪಂಚಾಂಗದಲ್ಲಿದೆ. ನವೆಂಬರ್‌ನಲ್ಲಿ ಬಿಸಿಲು ಬೇಕಾದಾಗ ತುಂಬು ಎಲೆ, ಮಾರ್ಚ್-ಏಪ್ರಿಲ್‌ನಲ್ಲಿ ನೆರಳು ಬೇಕಾದಾಗ ಅರೆಬೋಳು. ನಮ್ಮ ಹೂಗಿಡಗಳ ಅಗತ್ಯಕ್ಕೆ ಸರಿಯಾಗಿ ತಿರುವುಮುರುವು. ಇನ್ನೊಂದು, ಉದುರಿದ ಹೂ ಕಾಣಬೇಕೆಂದರೆ ಬುಡದಲ್ಲಿ ಸಾರಿಸಿದ ನೆಲವೋ ಕಟ್ಟೆಯೋ ಇರಬೇಕು. ಅಬ್ಬಲಿಗೆ ಪೊದೆಯೊಳಗೆ ಬಿದ್ದ ಪಾರಿಜಾತವನ್ನು ಹೆಕ್ಕುವವರು ಯಾರು? ಎಲೆ ಬೇರೆ ಉಪ್ಪುಕಾಗದದಂತೆ ಒರಟು. ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಗಾಳಿಗೆ ಬರುವ ಬೂದಿ ಅದಕ್ಕೆ ಅಂಟಿಕೊಂಡರೆ ಮುಂದಿನ ಮಳೆವರೆಗೂ ಹೋಗುವುದಿಲ್ಲ. ಪಾರಿಜಾತಕ್ಕೆ ಮನೆಯ ಬಾಗಿಲ ಪಕ್ಕ ಬೇರೆಯೇ ಜಾಗ ಕೊಡಿ, ಅದರ ಮರ್ಯಾದೆಗೆ ಅದೇ ಸರಿ.

ಜಾಗ ತೀರಾ ಕಿರಿದಾಗಿದ್ದರೆ ಬಿಳಿ ಮಂದಾರ ನೋಡಬಹುದು. ಬಸವನ ಪಾದದಂಥ ಎಲೆ, ಅಂಗೈಯಷ್ಟು ಬಿಳಿ ಹೂ, ಎಂಟು-ಹತ್ತು ಅಡಿಗೆ ಮೇಲೆ ಹೋಗುವುದಿಲ್ಲ. ಕತ್ತರಿಗೆ ಬಗ್ಗುವ ಗಿಡವಾದ್ದರಿಂದ ಅಕ್ಟೋಬರ್‌ನಲ್ಲಿ ಸವರಿಬಿಟ್ಟರೆ ಚಳಿಗಾಲದ ಬಿಸಿಲಿಗೆ ದಾರಿಯಾಗುತ್ತದೆ. ಇದೇ ಬಳಗದ ಇನ್ನೊಂದು ಮರ, ದಸರೆಗೆ ಬಂಗಾರವೆಂದು ಮರಾಠಿ ಮನೆಗಳಲ್ಲಿ ಹಂಚುವ ಆಪ್ಟಾ. ಸೊಟ್ಟಸೊಟ್ಟಾಗಿ, ನಿಧಾನಕ್ಕೆ ಬೆಳೆಯುವ ಒಣಕಾಡಿನ ಮರ ಅದು. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ, ಘೋರ್ಪಡೆಯವರ ಮುಧೋಳದಲ್ಲಿ ಅದಕ್ಕೆ ಜಾಗ ಕೊಡಲು ಮರಾಠಿ ಬಲ್ಲ ಹಿರಿಯರು ಖುಷಿಪಡುತ್ತಾರೆ. ಆತುರ ಇಲ್ಲದವರಿಗೆ ಅದು ಒಳ್ಳೆಯ ಆಯ್ಕೆ.

ಸವಳು ನೆಲದವರಿಗೆ ನಾನು ಹೇಳುವುದು ಕಿತ್ತಳೆ ಹೂವಿನ ಕಾರ್ಡಿಯಾ. ನಮ್ಮ ಚಳ್ಳೆಹಣ್ಣಿನ ಮರದ ದಾಯಾದಿ, ಆದರೆ ಕೆರಿಬಿಯನ್ ಕಡಲತೀರದ್ದು. ಉಪ್ಪಿನ ಗಾಳಿಯಲ್ಲೇ ಬೆಳೆದು ಬಂದ ಮರಕ್ಕೆ ನಮ್ಮ ಬೋರಿನ ಗಡಸು ನೀರು ಅಷ್ಟೇನೂ ದೊಡ್ಡದಲ್ಲ. ವರ್ಷದ ಬಹುಪಾಲು ಹೂ ಇರುತ್ತದೆ, ಸೂರಕ್ಕಿಗಳು ಬರುತ್ತವೆ. ಎಲೆ ಉದುರಿಸುವುದಿಲ್ಲ ಎಂಬುದೊಂದು ಕೊರತೆ. ಸವಳಿನಲ್ಲಿ ಗುಲಾಬಿಯೇ ಬಾರದಿರುವಾಗ ಅದಕ್ಕೆ ಬಿಸಿಲಿಲ್ಲವೆಂಬ ಚಿಂತೆಯೂ ಇಲ್ಲ.

ದಾಳಿಂಬೆಯ ಕೆಂಪು ಹೂ ನೋಡಿ ಆಸೆಪಡುವವರಿಗೆ ಒಂದು ವಿನಂತಿ. ಈ ಜಿಲ್ಲೆಯ ದಾಳಿಂಬೆ ಬೆಳೆಗಾರರು ದುಂಡಾಣು ಅಂಗಮಾರಿಯಿಂದ ನೊಂದದ್ದು ಎಲ್ಲರಿಗೂ ಗೊತ್ತು. ಸುತ್ತಮುತ್ತ ದಾಳಿಂಬೆ ತೋಟಗಳಿದ್ದರೆ, ಔಷಧಿ ಸಿಂಪಡಿಸದ ಒಂದು ಹಿತ್ತಲ ಗಿಡ ಆ ರೋಗಕ್ಕೆ ತಂಗುದಾಣವಾಗಬಹುದು. ನೆರೆಯವನ ಹೊಟ್ಟೆಪಾಡಿಗಿಂತ ನಮ್ಮ ಅಂಗಳದ ಚಂದ ದೊಡ್ಡದಲ್ಲ.

ಕಣಗಿಲೆಯ ಬಗ್ಗೆ ಇನ್ನೂ ಕಟುವಾಗಿ ಹೇಳಬೇಕು. ಸವಳಿಗೂ ಬರಕ್ಕೂ ಜಗ್ಗದ ಗಿಡ, ಹೂವೂ ಚಂದ, ಹೆದ್ದಾರಿಯ ನಡುವೆ ಸರಕಾರವೇ ಹಚ್ಚುತ್ತದೆ. ಆದರೆ ಬೇರಿನಿಂದ ಹೂವಿನವರೆಗೆ ವಿಷ. ಹಳದಿ ಹೂವಿನ ಕಾಡುಕಣಗಿಲೆಯ ಬೀಜವಂತೂ ಜೀವ ತೆಗೆಯುವಂಥದ್ದು. ಎಮ್ಮೆ, ಆಡು, ಸಣ್ಣ ಮಕ್ಕಳು ಓಡಾಡುವ ಅಂಗಳಕ್ಕೆ ಇವೆರಡೂ ಬೇಡ. ಸವರಿದ ಟೊಂಗೆಯನ್ನು ದನದ ಕೊಟ್ಟಿಗೆಯ ಬದಿಗೆ ಎಸೆದರೂ ಅನಾಹುತ. ಹೊಸ ಲೇಔಟುಗಳಲ್ಲಿ ಕಾಂಪೌಂಡಿನ ಉದ್ದಕ್ಕೂ ಹಚ್ಚುತ್ತಿರುವ ಕೊನೊಕಾರ್ಪಸ್ ಬಗ್ಗೆ ಒಂದೇ ವಾಕ್ಯ: ಗುಜರಾತ್ ಸರಕಾರ 2023ರಲ್ಲಿ ಅದನ್ನು ಹಚ್ಚುವುದನ್ನೇ ನಿಷೇಧಿಸಿದೆ.

ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಮರದ ಆಯ್ಕೆಗೆ ಬೇರೆಯೇ ಒಂದು ಷರತ್ತಿದೆ. ಬನಹಟ್ಟಿಯ ಒಬ್ಬ ತಾಯಿ ಅದನ್ನು ನನಗೆ ನೇರವಾಗಿ ಹೇಳಿದರು: "ಗಿಡ ಬ್ಯಾಡಂತಲ್ರಿ ಅಣ್ಣಾರ, ನೆಳ್ಳು ಬೇಕ. ಆದ್ರ ಬಣ್ಣ ಹಾಕಿದ ಲಡಿ ಮ್ಯಾಲೆ ಹಣ್ಣಿನ ಕಲಿ ಬಿತ್ತಂದ್ರ ಆ ಲಡಿ ಹೋತ್ರಿ." ನೂಲಿನ ಲಡಿಗೆ ಬಣ್ಣ ಹಾಕಿ ಅಂಗಳದಲ್ಲಿ ಗಳಕ್ಕೆ ಒಣಹಾಕುವ ಮನೆಗೆ ನೇರಳೆ ಆಗದು, ಹಕ್ಕಿಗಳ ಸಂತೆ ನೆರೆಯುವ ಗಸಗಸೆ ಹಣ್ಣಿನ ಮರ ಆಗದು. ಹಣ್ಣು ತಿಂದ ಹಕ್ಕಿ ಲಡಿಯ ಮೇಲೆಯೇ ಕೂರುತ್ತದೆ. ಮಗ್ಗದ ಕೋಣೆಯ ಕಿಟಕಿಗೂ ಬೆಳಕು ಬೇಕು, ಎಳೆ ಹರಿದದ್ದು ಕಣ್ಣಿಗೆ ಕಾಣಬೇಕಲ್ಲ. ಹಣ್ಣು ಬಿಡುವುದೇ ಅಪರೂಪವಾದ, ನೆರಳು ತೆಳುವಾದ ದೇವಕಣಗಿಲೆ ಇಲ್ಲಿಯೂ ಪಾಸಾಗುತ್ತದೆ. ಒಂದೇ ಎಚ್ಚರಿಕೆ, ಟೊಂಗೆ ಮುರಿದಾಗ ಒಸರುವ ಹಾಲಿನ ಹನಿ ನೂಲಿಗೆ ಬೀಳದ ಹಾಗೆ ಗಳವನ್ನು ದೂರ ಕಟ್ಟಿಕೊಳ್ಳಬೇಕು.

ಬೀಳಗಿ ಕಡೆಯ ಕಥೆ ಎರಿಯದಲ್ಲ, ಮಡ್ಡಿಯದು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರ ಪುನರ್ವಸತಿ ಕೇಂದ್ರಗಳು ಎತ್ತರದ ಜಾಗದಲ್ಲಿವೆ. ನದಿದಂಡೆಯ ಮಣ್ಣು ಬಿಟ್ಟು ಬಂದವರಿಗೆ ಸಿಕ್ಕಿದ್ದು ಗರಸು, ಕಲ್ಲು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಮುಂದುವರಿದಂತೆ ಇನ್ನಷ್ಟು ಮನೆಗಳು ಹೊಸ ಅಂಗಳದಲ್ಲಿ ಮೊದಲ ಗಿಡ ಹಚ್ಚಲಿವೆ. ಮಡ್ಡಿಯಲ್ಲಿ ನೀರು ನಿಲ್ಲುವ ಭಯವಿಲ್ಲ, ಹಾಗಾಗಿ ದೇವಕಣಗಿಲೆಗೆ ಎರಿಗಿಂತ ಮಡ್ಡಿಯೇ ಹೆಚ್ಚು ಸುಖ. ಕುಣಿ ಮಾತ್ರ ದೊಡ್ಡದಾಗಿರಬೇಕು, ಎರಡು-ಮೂರು ಬುಟ್ಟಿ ಎರಿ ತಂದು ಗೊಬ್ಬರದ ಜೊತೆ ಬೆರೆಸಿದರೆ ತೇವ ಹಿಡಿದಿಡುತ್ತದೆ. ಇಂಥ ನೆಲದಲ್ಲಿ ಯಾವುದು ತಾನಾಗಿ ಬದುಕುತ್ತದೆ ಎಂದು ತಿಳಿಯಬೇಕಾದರೆ ಮುಧೋಳ-ಬೀಳಗಿ ತಾಲ್ಲೂಕುಗಳಲ್ಲಿ ಹರಡಿರುವ, 2016ರಲ್ಲಿ ಘೋಷಣೆಯಾದ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದ ಅಂಚಿನ ಕುರುಚಲು ಕಾಡನ್ನು ಏಪ್ರಿಲ್ ತಿಂಗಳಲ್ಲಿ ನೋಡಬೇಕು. ಆಗಲೂ ಹಸಿರಾಗಿರುವುದು ಯಾವುದು, ಬೋಳಾಗಿ ಕಾಯುತ್ತಿರುವುದು ಯಾವುದು ಎಂದು ಗುರುತಿಸಿಕೊಂಡರೆ ಅರ್ಧ ತೋಟಗಾರಿಕೆ ಬಂದ ಹಾಗೆ. ಉಳಿದರ್ಧಕ್ಕೆ ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ.

ಹಚ್ಚುವ ಕಾಲದ ಬಗ್ಗೆ ನನ್ನದೊಂದು ತಕರಾರು. ಜೂನ್ 5ರ ಪರಿಸರ ದಿನಕ್ಕೆ ಫೋಟೊ ಹೊಡೆಸಿಕೊಂಡು ಸಸಿ ಹಚ್ಚುವುದು ಮಲೆನಾಡಿಗೆ ಸರಿ. ಇಲ್ಲಿ ಮಿರಗದ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಹಿಂದೆಯೇ ಆಷಾಢದ ಗಾಳಿ ಎಳೆ ಸಸಿಯನ್ನು ಅಲ್ಲಾಡಿಸಿ ಬೇರು ಬಿಡದ ಹಾಗೆ ಮಾಡುತ್ತದೆ. ಪಾಕೀಟಿನ ಸಸಿಯಾದರೆ ಆಗಸ್ಟ್ ಕೊನೆಗೆ, ಹುಬ್ಬಿ-ಉತ್ತರಿ ಮಳೆಗಳ ಹೊತ್ತಿಗೆ ಹಚ್ಚಿ. ಮುಂದೆ ಒಳ್ಳೆಯ ಮಳೆಯ ತಿಂಗಳು, ಅದರಾಚೆ ತಂಪಿನ ನಾಲ್ಕು ತಿಂಗಳು, ಆಮೇಲೆ ಬೇಸಿಗೆ. ಅಷ್ಟರಲ್ಲಿ ಬೇರು ಇಳಿದಿರುತ್ತದೆ.

ಕುಣಿ ತೋಡಿದ ಮೇಲೆ ಮೊದಲು ಅದರ ತುಂಬ ನೀರು ಹಾಕಿ ಬಿಡಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಕುಣಿಯಲ್ಲಿ ಹಚ್ಚಬೇಡಿ. ನೆಲದ ಮೇಲೆ ಒಂದೂವರೆ ಅಡಿ ದಿಬ್ಬ ಏರಿಸಿ, ಎರಿಗೆ ಗರಸು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ, ದಿಬ್ಬದ ಮೇಲೆ ಹಚ್ಚಿ. ಇನ್ನೊಂದು ಸೂಕ್ಷ್ಮ. ನರ್ಸರಿಯ ಪಾಕೀಟಿನಲ್ಲಿರುವುದು ಸಾಮಾನ್ಯವಾಗಿ ಕೆಂಪುಮಣ್ಣು. ಆ ಕೆಂಪು ಉಂಡೆಯನ್ನು ಹಾಗೇ ಎರಿಯೊಳಗೆ ಕೂರಿಸಿದರೆ ಸುತ್ತಲಿನ ಎರಿ ಕುಂಡದ ಹಾಗೆ ಬಿಗಿಯಾಗಿ ನಿಲ್ಲುತ್ತದೆ, ಬೇರು ಉಂಡೆ ಬಿಟ್ಟು ಹೊರಗೆ ಬರುವುದಿಲ್ಲ. ಮಳೆಗಾಲದಲ್ಲಿ ಅಲ್ಲೇ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಅಲ್ಲೇ ಒಣಗುತ್ತದೆ. ಸತ್ತ ಸಸಿಯನ್ನು ಕಿತ್ತು ನೋಡಿ, ಉಂಡೆ ಹಚ್ಚಿದ ದಿನದ ಆಕಾರದಲ್ಲೇ ಇರುತ್ತದೆ. ಉಂಡೆಯ ಹೊರಮೈಯನ್ನು ಕೈಯಿಂದ ಸಡಿಲಿಸಿ, ಸುತ್ತಿಕೊಂಡ ಬೇರುಗಳನ್ನು ಬಿಡಿಸಿ ಹಚ್ಚಿದರೆ ಈ ಸಾವು ತಪ್ಪುತ್ತದೆ.

ಮೊದಲ ವರ್ಷ ಬುಡದಲ್ಲಿ ಏನೂ ಹಚ್ಚಬೇಡಿ. ಎರಡನೇ ವರ್ಷ ಹೂಗಿಡಗಳನ್ನು ತರುವಾಗಲೂ ಕಾಂಡದ ಸುತ್ತ ಎರಡು ಅಡಿ ಖಾಲಿ ಇರಲಿ. ಮರಕ್ಕೆ ಬೇಕಾದದ್ದು ಹದಿನೈದು ದಿನಕ್ಕೊಮ್ಮೆ ಆಳಕ್ಕೆ ಇಳಿಯುವ ನೀರು, ಹೂಗಿಡಗಳಿಗೆ ಎರಡು-ಮೂರು ದಿನಕ್ಕೊಮ್ಮೆ ಚೂರುಚೂರು. ಎರಡನ್ನೂ ಒಂದೇ ಪೈಪಿನಲ್ಲಿ ಸಾಕಲು ಹೋದರೆ ದೇವಕಣಗಿಲೆಯ ಬುಡ ಕೊಳೆಯುತ್ತದೆ, ನೀರಿನ ಸೊಕ್ಕಿಗೆ ಎಲೆಯನ್ನೂ ತಡವಾಗಿ ಉದುರಿಸುತ್ತದೆ. ಆದ್ದರಿಂದ ಮರಕ್ಕೆ ಹತ್ತಿರ ನೀರು ಕೇಳದ ಗೊರಟೆ, ಸದಾಪುಷ್ಪ, ಲೋಳಸರ, ಮಳೆಗೆ ಏಳುವ ಲಿಲ್ಲಿ ಗಡ್ಡೆ. ಟೊಂಗೆಯ ಅಂಚಿನ ಕೆಳಗೆ ಅಬ್ಬಲಿಗೆ. ಅದರಾಚೆ ಪೂರ್ವಕ್ಕೆ ಶ್ಯಾವಂತಿಗೆ, ಗುಲಾಬಿ. ಸುಗಂಧರಾಜಕ್ಕೆ ಪೂರ್ತಿ ಬಯಲು. ಶ್ಯಾವಂತಿಗೆ ಬೀದಿದೀಪದ ಕೆಳಗೆ ಬರದಂತೆ ನೋಡಿಕೊಳ್ಳಿ. ಇರುಳು ಉದ್ದವಾದರೆ ಮಾತ್ರ ಮೊಗ್ಗು ಕಟ್ಟುವ ಗಿಡ ಅದು, ಎಲ್‌ಇಡಿ ದೀಪಕ್ಕೆ ಹಗಲೆಂದು ಮೋಸಹೋಗುತ್ತದೆ.

ನೆಲದ ಮೇಲೆ ಹೊದಿಕೆಗೆ ಕಬ್ಬಿನ ರವದಿಗಿಂತ ಒಳ್ಳೆಯದಿಲ್ಲ. ಹಂಗಾಮು ಮುಗಿದ ಮೇಲೆ ಹೊಲಗಳಲ್ಲಿ ಅದಕ್ಕೆ ಬೆಂಕಿ ಇಡುವುದನ್ನು ಪ್ರತಿ ವರ್ಷ ನೋಡುತ್ತೇವೆ. ಕೇಳಿದರೆ ರೈತರು ಒಂದು ಹೊರೆ ಕೊಡದೆ ಇರುವುದಿಲ್ಲ. ನಾಲ್ಕು ಬೆರಳು ದಪ್ಪಕ್ಕೆ ಹಾಸಿದರೆ ಎರಿ ಬಿರಿಯುವುದು ಕಡಿಮೆಯಾಗುತ್ತದೆ, ಹೂಗಿಡದ ಬೇರು ಹರಿಯುವುದಿಲ್ಲ. ಕಾಂಡಕ್ಕೆ ತಾಗಿಸಬೇಡಿ, ಒರಲಿ ಹಿಡಿಯುತ್ತದೆ.

ದೇವಕಣಗಿಲೆಗಂತೂ ನರ್ಸರಿಗೆ ದುಡ್ಡು ಕೊಡಬೇಕಾಗಿಯೂ ಇಲ್ಲ. ಜನವರಿಯ ಕೊನೆಗೆ ನಿಮ್ಮ ಊರೊಳಗೆ ಒಂದು ಸುತ್ತು ಹಾಕಿ. ಬೋಳಾಗಿ ನಿಂತ ದೇವಕಣಗಿಲೆ ಕಂಡರೆ ಅದೇ ನಿಮಗೆ ಬೇಕಾದ ಜಾತಿ, ಹಸಿರಾಗಿದ್ದರೆ ಮುಂದೆ ನಡೆಯಿರಿ. ಆ ಮನೆಯವರನ್ನು ಕೇಳಿ ಒಂದೂವರೆ ಅಡಿಯ ತುಂಡು ತನ್ನಿ. ಹಾಲು ಆರುವವರೆಗೆ, ಅಂದರೆ ಎಂಟು-ಹತ್ತು ದಿನ ನೆರಳಿನಲ್ಲಿ ಒಣಗಿಸಿಡಿ. ಆಮೇಲೆ ಉಸುಕು ಬೆರೆಸಿದ ಮಣ್ಣಿನ ಕುಂಡದಲ್ಲಿ ಊರಿ, ಚಿಗುರು ಕಾಣುವವರೆಗೆ ನೀರನ್ನು ಜಿಪುಣತನದಿಂದ ಹಾಕಿ. ಆಗಸ್ಟ್ ಹೊತ್ತಿಗೆ ಅದು ನೆಲಕ್ಕೆ ಇಳಿಯಲು ಸಿದ್ಧವಾಗಿರುತ್ತದೆ.